ಮೀನಿನ ತೊಟ್ಟಿಗೆ ಮುನ್ನ ಸೊಪ್ಪಿನ ಗಿರಾಕಿ
ಮೇಲುಕೋಟೆಯಂತಹ ಊರಿನಲ್ಲಿ ದೊಡ್ಡ ಮನೆಮಟ್ಟದ ಅಕ್ವಾಪೋನಿಕ್ಸ್: ಯೋಜನೆ, ನಿರ್ಮಾಣ, ಲೆಕ್ಕಾಚಾರ

ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಮಂಡ್ಯದ ಬಯಲನ್ನು ಹಸಿರಾಗಿಸಿದೆಯಾದರೂ ಮೇಲುಕೋಟೆಯ ಬೆಟ್ಟಕ್ಕೆ ಅದು ಏರುವುದಿಲ್ಲ. ಬಂಡೆಯ ಮೇಲೆ ಬಿದ್ದ ಮಳೆಯನ್ನು ಕಲ್ಯಾಣಿಯಲ್ಲಿಯೂ ಕೊಳಗಳಲ್ಲಿಯೂ ಹಿಡಿದಿಟ್ಟು ಬಾಳಿದ ಊರು ಅದು. ನೀರನ್ನು ಎಣಿಸಿ ಬಳಸಬೇಕಾದ ಇಂತಹ ಊರುಗಳಲ್ಲಿಯೇ ಅಕ್ವಾಪೋನಿಕ್ಸ್ ಎಂಬ ಜೋಡಿ ಕೃಷಿಯ ಆಕರ್ಷಣೆ ಹೆಚ್ಚು. ಒಂದು ತೊಟ್ಟಿಯಲ್ಲಿ ಮೀನು, ಪಕ್ಕದ ತೊಟ್ಟಿಯಲ್ಲಿ ಮಣ್ಣಿಲ್ಲದೆ ಬೆಳೆಯುವ ಸೊಪ್ಪು, ಎರಡಕ್ಕೂ ಸುತ್ತಿ ಸುತ್ತಿ ಬರುವ ಒಂದೇ ನೀರು. ಹಿತ್ತಲಲ್ಲಿ ಜಾಗವೂ ಕೈಯಲ್ಲಿ ಒಂದಿಷ್ಟು ಬಂಡವಾಳವೂ ಇರುವ ವರ್ತಕರು ಈ ಉಪಕಸುಬಿನತ್ತ ಒಲಿಯುವುದು ಸಹಜವೇ. ಆದರೆ ತೊಟ್ಟಿ ಕಟ್ಟಿಸಿದ ಮೇಲೆ ಮಾಡುವ ಲೆಕ್ಕವನ್ನು ಕಟ್ಟಿಸುವ ಮೊದಲೇ ಮಾಡಿದವರಿಗೆ ಮಾತ್ರ ಇದು ಒದಗಿಬರುವ ಕಸುಬು.

ಕ್ರಿಯೆ ಸರಳವಾದುದು. ಮೀನು ಆಹಾರ ತಿಂದು ಅಮೋನಿಯಾ ವಿಸರ್ಜಿಸುತ್ತದೆ. ಅದು ಮೀನಿಗೇ ವಿಷ. ನೀರಿನಲ್ಲಿ ನೆಲೆಸುವ ಒಂದು ಬಗೆಯ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಆಗಿಯೂ ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೈಟ್ರೇಟ್ ಗಿಡಕ್ಕೆ ಗೊಬ್ಬರ. ಉಷ್ಣವಲಯದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ವರ್ಷಗಟ್ಟಲೆ ನಡೆಸಿ ತೋರಿಸಿದವರು ಕೆರಿಬಿಯನ್ ಸಮುದ್ರದ ಸೇಂಟ್ ಕ್ರಾಯ್ ದ್ವೀಪದಲ್ಲಿರುವ ವರ್ಜಿನ್ ಐಲೆಂಡ್ಸ್ ವಿಶ್ವವಿದ್ಯಾಲಯದ ಜೇಮ್ಸ್ ರಾಕೋಸಿ ಮತ್ತು ಅವರ ಸಂಗಡಿಗರು. ಅದೂ ಸಿಹಿನೀರಿಗೆ ಬರವಿರುವ ಜಾಗವೇ. 1980ರ ದಶಕದಿಂದ ತಿದ್ದುತ್ತ ಬಂದ ಅವರ ಘಟಕದಲ್ಲಿ 7,800 ಲೀಟರಿನ ನಾಲ್ಕು ಮೀನಿನ ತೊಟ್ಟಿಗಳೂ 214 ಚದರ ಮೀಟರ್ ಸೊಪ್ಪಿನ ತೊಟ್ಟಿಗಳೂ ಇದ್ದವು. ವರ್ಷಕ್ಕೆ ನಾಲ್ಕು ಟನ್ನಿಗೂ ಮಿಕ್ಕು ತಿಲಾಪಿಯಾ ದೊರೆಯುತ್ತಿತ್ತು. ದಿನವೂ ಹೊಸದಾಗಿ ಸೇರಿಸುತ್ತಿದ್ದ ನೀರು ಒಟ್ಟು ನೀರಿನ ಶೇ. 1.5ರಷ್ಟು ಮಾತ್ರ.

ಆ ಪ್ರಯೋಗದ ಬಹುದೊಡ್ಡ ಕಾಣಿಕೆಯೆಂದರೆ ಒಂದು ಅಳತೆ. ಘಟಕದ ಗಾತ್ರವನ್ನು ತೊಟ್ಟಿಯಿಂದಾಗಲಿ ಮೀನಿನ ಸಂಖ್ಯೆಯಿಂದಾಗಲಿ ಎಣಿಸತಕ್ಕದ್ದಲ್ಲ. ದಿನಕ್ಕೆ ಹಾಕುವ ಆಹಾರದಿಂದ ಎಣಿಸಬೇಕು. ಸೇಂಟ್ ಕ್ರಾಯ್‌ನಲ್ಲಿ ಪ್ರತಿ ಚದರ ಮೀಟರ್ ಸೊಪ್ಪಿಗೆ ದಿನಕ್ಕೆ 60ರಿಂದ 100 ಗ್ರಾಂ ಆಹಾರವೆಂಬ ಪ್ರಮಾಣವಿತ್ತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಸಣ್ಣ ಘಟಕಗಳಿಗಾಗಿ ಹೊರತಂದ ಕೈಪಿಡಿಯು ಎಲೆ ತರಕಾರಿಗೆ 40ರಿಂದ 50 ಗ್ರಾಂ ಸಾಕೆನ್ನುತ್ತದೆ. 40 ಚದರ ಮೀಟರ್ ಸೊಪ್ಪಿನ ಹಾಸನ್ನು ಉದಾಹರಣೆಯಾಗಿ ಇಟ್ಟುಕೊಂಡರೆ, 50 ಗ್ರಾಂ ಪ್ರಕಾರ ದಿನಕ್ಕೆ 2 ಕಿಲೋ ಆಹಾರ. ಬೆಳೆಯುವ ಮೀನು ತನ್ನ ತೂಕದ ಶೇ. 2ರಷ್ಟು ತಿನ್ನುವುದೆಂದರೆ ತೊಟ್ಟಿಯಲ್ಲಿ 100 ಕಿಲೋ ಮೀನಿರಬೇಕು. ಸಾವಿರ ಲೀಟರಿಗೆ 20 ಕಿಲೋ ಮೀರದಂತೆ ನೋಡಿಕೊಂಡರೆ 5,000 ಲೀಟರಿನ ತೊಟ್ಟಿ. ಅಳತೆಗಳು ಹೀಗೆ ಒಂದರ ಹಿಂದೊಂದು ತಾವಾಗಿಯೇ ಬರುತ್ತವೆ.

ಇನ್ನು ಹಣದ ಮಾತು. ವರ್ಷಕ್ಕೆ 730 ಕಿಲೋ ಆಹಾರ. ಒಂದು ಕಿಲೋ ಮೀನಿಗೆ 1.7 ಕಿಲೋ ಆಹಾರ ಹಿಡಿದರೆ ದೊರೆಯುವ ಮೀನು ಸುಮಾರು 430 ಕಿಲೋ. ಆಹಾರಕ್ಕೆ ಕಿಲೋಗೆ 50 ರೂಪಾಯಿ ಎಂದಿಟ್ಟುಕೊಂಡರೂ ಪ್ರತಿ ಕಿಲೋ ಮೀನಿನ ಮೇಲೆ ಆಹಾರದ ಖರ್ಚೇ 85 ರೂಪಾಯಿ. 100 ವಾಟಿನ ನೀರಿನ ಪಂಪೂ ಅಷ್ಟೇ ವಾಟಿನ ಗಾಳಿಯಂತ್ರವೂ ಹಗಲಿರುಳು ನಡೆದರೆ ವರ್ಷಕ್ಕೆ ಸುಮಾರು 1,750 ಯೂನಿಟ್. ಯೂನಿಟ್ಟಿಗೆ 7 ರೂಪಾಯಿಯಂತೆ ಕಿಲೋ ಮೀನಿಗೆ ಮತ್ತೆ 28 ರೂಪಾಯಿ. ಮೀನುಮರಿಯ ಬೆಲೆ, ಆಳಿನ ಕೂಲಿ, ಬಂಡವಾಳದ ಬಡ್ಡಿ ಇನ್ನೂ ಹೊರಗೇ ಉಳಿದಿವೆ. ಕೆರೆಯ ಮೀನಿನೊಡನೆ ಬೆಲೆಯಲ್ಲಿ ಸೆಣಸಬೇಕಾದ ಈ ಮೀನು ತನ್ನ ಊಟದ ಖರ್ಚನ್ನು ತಾನು ತೀರಿಸಿಕೊಂಡರೆ ಅದೇ ದೊಡ್ಡದು. ಲಾಭ ಬರುವುದಾದರೆ ಸೊಪ್ಪಿನಿಂದಲೇ ಬರಬೇಕು.

ಅದೇ 40 ಚದರ ಮೀಟರಿನಲ್ಲಿ, ಚದರ ಮೀಟರಿಗೆ 20ರಂತೆ, 800 ಲೆಟ್ಯೂಸ್ ಗಿಡಗಳು ನಿಲ್ಲುತ್ತವೆ. ಸಸಿ ನಾಟಿಯಾದ ನಾಲ್ಕು ವಾರಕ್ಕೆ ಕೊಯ್ಲು. ನಾಲ್ಕು ತಂಡಗಳಾಗಿ ನೆಟ್ಟರೆ ವಾರಕ್ಕೆ 200 ಗಿಡ, ತಲಾ 150 ಗ್ರಾಮಿನಂತೆ 30 ಕಿಲೋ. ವರ್ಷದಲ್ಲಿ 45 ವಾರ ಸರಿಯಾಗಿ ನಡೆಯಿತೆನ್ನೋಣ. ಕಿಲೋಗೆ 100 ರೂಪಾಯಿ ಕೊಡುವ ಹೋಟೆಲ್ ಸಿಕ್ಕಿದರೆ 1,35,000 ರೂಪಾಯಿ. ಅದೇ ತೂಕದ ದಂಟನ್ನೋ ಪಾಲಕ್ಕನ್ನೋ ಬೆಳೆದು ಸಂತೆಯಲ್ಲಿ 20 ರೂಪಾಯಿಗೆ ಕೊಟ್ಟರೆ 27,000 ರೂಪಾಯಿ. ಅದು ಆಹಾರದ ಖರ್ಚಿಗೂ ಸಾಲದು. ನಾಲೆ ಬಯಲಿನಲ್ಲಿ ಮಣ್ಣಿನಲ್ಲಿಯೇ ಸುಲಭವಾಗಿ ಬೆಳೆಯುವ ಸೊಪ್ಪನ್ನು ಕರೆಂಟ್ ಸುಟ್ಟು ಬೆಳೆಯುವುದರಲ್ಲಿ ಅರ್ಥವಿಲ್ಲ. ಸೇಂಟ್ ಕ್ರಾಯ್‌ನಲ್ಲಿಯೂ ಒಂದೇ ಬಗೆಯ ತೊಟ್ಟಿಯಲ್ಲಿ ಬೆಳೆದ ಬೇಸಿಲ್, ಬೆಂಡೆಕಾಯಿಗಿಂತ ಹಲವು ಪಟ್ಟು ಆದಾಯ ತಂದಿತ್ತು. ಆದುದರಿಂದ ಮೈಸೂರಿನ ಹೋಟೆಲುಗಳಲ್ಲಿ ವಾರಕ್ಕೆ 30 ಕಿಲೋ ಕೊಳ್ಳುವ ಗಿರಾಕಿಯನ್ನು ಗೊತ್ತುಮಾಡಿಕೊಂಡ ಮೇಲೆಯೇ ಗುಣಿ ತೋಡಿಸುವುದು ಕ್ಷೇಮ. ಮೇಲುಕೋಟೆಯಿಂದ ಮೈಸೂರು ಸುಮಾರು 50 ಕಿ.ಮೀ. ದೂರ, ಮುಂಜಾನೆ ಕೊಯ್ದದ್ದು ಬಾಡುವ ಮುನ್ನ ತಲುಪುತ್ತದೆ. ಯಾತ್ರಾಸ್ಥಳವಾದ ಬೆಟ್ಟದ ಮೇಲೆ ಮೀನಿನ ವ್ಯಾಪಾರವನ್ನು ನೆಚ್ಚುವಂತಿಲ್ಲವಾದ್ದರಿಂದ ಮೀನೂ ಪಾಂಡವಪುರಕ್ಕೋ ಮಂಡ್ಯಕ್ಕೋ ಇಳಿಯಬೇಕು. ಅದು ಒಗ್ಗದವರು ಕೋಯಿ, ಗೋಲ್ಡ್ ಫಿಶ್ ಮುಂತಾದ ಅಲಂಕಾರ ಮೀನುಗಳನ್ನು ಸಾಕಬಹುದು. ಗಿಡಕ್ಕೆ ಯಾವ ಮೀನಿನ ಅಮೋನಿಯಾ ಆದರೇನು!

ಒಂದು ತೊಡಕುಂಟು. ತಿಲಾಪಿಯಾಗೆ 27ರಿಂದ 30 ಡಿಗ್ರಿ ಬೆಚ್ಚನೆಯ ನೀರು ಹಿತ. ಲೆಟ್ಯೂಸಿಗೆ ತಂಪು ಬೇಕು. ಬೇಸಿಗೆಯಲ್ಲಿ ಅದು ಬೇಗ ಹೂಗೊಂಡು ಕಹಿಯಾಗುತ್ತದೆ. ಮಾರ್ಚಿಯಿಂದ ಮೇವರೆಗೆ ಬೇಸಿಲ್, ಪುದೀನ, ಬಸಳೆಗಳಿಗೆ ಹೊರಳುವುದು ಜಾಣತನ. ಧನುರ್ಮಾಸದ ಚಳಿಯಲ್ಲಿ ಇದಕ್ಕೆ ತಿರುಗುಮುರುಗು: ಸೊಪ್ಪು ಸೊಂಪಾಗಿರುತ್ತದೆ, ಮೀನು ಕಡಿಮೆ ತಿನ್ನುತ್ತದೆ.

ನೀರಿನ ಲೆಕ್ಕವನ್ನೂ ಬೆಟ್ಟದವರಂತೆಯೇ ಹಾಕಬೇಕು. ಸೊಪ್ಪಿನ ತೊಟ್ಟಿಯಲ್ಲಿ ಒಂದಡಿ ನೀರು, ಮೀನಿನ ತೊಟ್ಟಿ, ಶೋಧಕ ಎಲ್ಲ ಸೇರಿ 20,000 ಲೀಟರ್ ಆದರೆ, ಶೇ. 1.5ರಂತೆ ದಿನಕ್ಕೆ 300, ವರ್ಷಕ್ಕೆ 1,09,500 ಲೀಟರ್. ಸುಮಾರು 700 ಮಿ.ಮೀ. ಮಳೆಯ ಸೀಮೆಯಲ್ಲಿ 100 ಚದರ ಮೀಟರ್ ಮಾಡು ಹಿಡಿಯಬಲ್ಲದ್ದು 56,000 ಲೀಟರ್, ಅಂದರೆ ಅರ್ಧ. ಉಳಿದುದು ಕೊಳವೆ ಬಾವಿಯದಾದರೆ ಮೊದಲು ಪರೀಕ್ಷೆಯಾಗಲಿ. ಮೇಲುಕೋಟೆಯ ಅಕ್ಕ-ತಂಗಿ ಕೊಳಗಳು ಒಂದರ ಪಕ್ಕದಲ್ಲೊಂದು ಇದ್ದರೂ ಒಂದರ ನೀರು ಕುಡಿಯಲು ಯೋಗ್ಯ, ಇನ್ನೊಂದರದು ಅಲ್ಲ ಎಂಬ ಮಾತು ರೂಢಿಯಲ್ಲಿದೆ. ನೆರೆಮನೆಯ ಬಾವಿಯ ವರದಿಯನ್ನು ನೆಚ್ಚಿಕೊಳ್ಳುವವರು ಇದನ್ನು ನೆನೆಯಬೇಕು.

ಹಣ ಮುಳುಗಿಸುವುದು ಹೆಚ್ಚಾಗಿ ವಿದ್ಯುತ್ತೇ. ಮೀನು ದಟ್ಟವಾಗಿರುವ ತೊಟ್ಟಿಯಲ್ಲಿ ಗಾಳಿ ನಿಂತರೆ ಒಂದೆರಡು ತಾಸಿನೊಳಗೆ ಆಮ್ಲಜನಕ ತೀರಿ ವರ್ಷದ ಫಲ ಬೆಳಗಾಗುವಷ್ಟರಲ್ಲಿ ತೇಲುತ್ತದೆ. ಗಾಳಿಯಂತ್ರವನ್ನು ಮನೆಯ ಸಿಂಗಲ್ ಫೇಸಿಗೆ ಜೋಡಿಸಿ, 150 ಆಂಪಿಯರ್-ಅವರ್ ಬ್ಯಾಟರಿಯ ಪ್ರತ್ಯೇಕ ಇನ್ವರ್ಟರ್ ಕೊಟ್ಟರೆ 100 ವಾಟನ್ನು ಆರೇಳು ತಾಸು ನಡೆಸಬಹುದು. ಮನೆಯ ಫ್ಯಾನು, ದೀಪಗಳನ್ನು ಅದಕ್ಕೆ ಸೇರಿಸಕೂಡದು. ಅಭ್ಯಾಸಬಲದಿಂದ ಅರ್ಧ ಎಚ್‌ಪಿ ಮೋಟಾರು ಹಾಕಿಸುವವರೂ ಉಂಟು. ಅದು ದಿನಕ್ಕೆ ಸುಮಾರು 9 ಯೂನಿಟ್ ನುಂಗುತ್ತದೆ. ಗಂಟೆಗೆ 5,000 ಲೀಟರನ್ನು ಎರಡು ಮೀಟರ್ ಎತ್ತಲು 100 ವಾಟಿನ ಪಂಪು ಸಾಕು. ಇಳಿಜಾರು ನೆಲ ಇಲ್ಲಿ ವರವಾಗುತ್ತದೆ. ಮೇಲೆ ಮೀನು, ಅದರ ಕೆಳಗೆ ಕಸ ತಂಗುವ ತೊಟ್ಟಿ ಮತ್ತು ಶೋಧಕ, ಆಮೇಲೆ ಸೊಪ್ಪು, ಕೊನೆಗೆ ತಗ್ಗಿನಲ್ಲಿ ಸಂಪು: ನೀರು ತಾನಾಗಿ ಇಳಿದು, ಒಂದೇ ಪಂಪಿನಿಂದ ಏರುತ್ತದೆ.

ತಾರಸಿಯ ಮೇಲೆ ಕಟ್ಟುವ ಆಸೆ ಬೇಡ. ಸಾಮಾನ್ಯ ತಾರಸಿಯನ್ನು ಚದರ ಮೀಟರಿಗೆ 150 ಕಿಲೋ ಹೆಚ್ಚುವರಿ ಭಾರಕ್ಕೆಂದು ವಿನ್ಯಾಸ ಮಾಡುತ್ತಾರೆ. ಒಂದಡಿ ನೀರೇ 300 ಕಿಲೋ ತೂಗುತ್ತದೆ, ಜಲ್ಲಿ ತುಂಬಿದರೆ ಇನ್ನೂ ಹೆಚ್ಚು. ನೆಲದ ಮೇಲಾದರೆ ಸ್ಥಳೀಯ ಗ್ರಾನೈಟ್ ಜಲ್ಲಿ ಶೋಧಕಕ್ಕೆ ಒಳ್ಳೆಯ ಸಾಮಗ್ರಿ. ಸುಣ್ಣಕಲ್ಲಿನಂತೆ ನೀರಿನ ಗುಣ ಕೆಡಿಸುವುದಿಲ್ಲ. ಹೊಸ ಸಿಮೆಂಟ್ ತೊಟ್ಟಿ ಸುಣ್ಣ ಬಿಡುವುದರಿಂದ ಒಳಗೆ ಲೇಪನ ಬೇಕು. ಹಿತ್ತಾಳೆಯ ವಾಲ್ವ್, ತಾಮ್ರದ ಕೊಳವೆ, ಜಿಐ ಪೈಪು ಯಾವುದನ್ನೂ ನೀರಿಗೆ ತಗುಲಿಸಬಾರದು. ತಾಮ್ರ, ಸತುವುಗಳು ಮೀನಿಗೆ ವಿಷ. ಸಣ್ಣ ಕೈಗಾರಿಕೋದ್ಯಮಿಗಳಿಗೆ ಇಲ್ಲಿ ಮತ್ತೊಂದು ಬಾಗಿಲು ತೆರೆದಿದೆ. ತೂಬಿನಕೆರೆಯಲ್ಲಾಗಲಿ ಮೈಸೂರಿನ ಹೆಬ್ಬಾಳದಲ್ಲಾಗಲಿ ಫೈಬರ್ ತೊಟ್ಟಿ, ಪ್ಲಾಸ್ಟಿಕ್ ಅಚ್ಚು, ಪಿವಿಸಿ ಜೋಡಣೆಗಳ ಕೆಲಸ ಬಲ್ಲವರು ಶಂಕುವಿನಾಕಾರದ ಕಸ ತಂಗುವ ತೊಟ್ಟಿಯನ್ನು ಸುಲಭವಾಗಿ ಮಾಡಿಕೊಡಬಲ್ಲರು. ಘಟಕ ನಡೆಸುವವರಿಗಿಂತ ಅದರ ಬಿಡಿಭಾಗ ಮಾಡುವವರ ಲಾಭವೇ ಹೆಚ್ಚು ಭದ್ರವೆನ್ನಬಹುದು.

ತಿಲಾಪಿಯಾ, ಅಂದರೆ ನಮ್ಮ ಜಿಲೇಬಿ ಮೀನು, 1952ರಲ್ಲಿ ಭಾರತಕ್ಕೆ ಬಂದ ಪರದೇಶಿ. ಅದರ ಸುಧಾರಿತ ಗಿಫ್ಟ್ ತಳಿ ತೊಟ್ಟಿಗೆ ಸೂಕ್ತವಾದರೂ ಸಾಕಣೆಗೆ ಸರ್ಕಾರದ ಮಾರ್ಗಸೂಚಿಗಳಿವೆ. ಮೀನುಗಾರಿಕೆ ಇಲಾಖೆಯ ಅನುಮತಿ ಪಡೆದೇ ಮರಿ ತರಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯಂತೂ ನಿಷಿದ್ಧ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ನೀರನ್ನು ಶುದ್ಧಿಗೊಳಿಸಿ ಮರುಬಳಸುವ ಹಿತ್ತಲ ಘಟಕಕ್ಕೆ 50,000 ರೂಪಾಯಿ, 100 ಘನ ಮೀಟರಿನ ಸಣ್ಣ ಘಟಕಕ್ಕೆ 7.5 ಲಕ್ಷ ರೂಪಾಯಿ ಘಟಕ ವೆಚ್ಚವೆಂದು ಗೊತ್ತುಮಾಡಲಾಗಿತ್ತು. ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಶೇ. 60 ಸಹಾಯಧನ. ಅದು ಮೀನಿನ ಭಾಗವನ್ನು ನೋಡಿ ಗೊತ್ತುಪಡಿಸಿದ ಮೊತ್ತ; ಸೊಪ್ಪಿನ ತೊಟ್ಟಿಯ ಖರ್ಚನ್ನು ಮಾಲೀಕನೇ ಹೊರಬೇಕೆಂದು ಎಣಿಸಿಕೊಳ್ಳುವುದು ಒಳಿತು. ಕೆಲಸ ಶುರುಮಾಡುವ ಮೊದಲೇ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬೇಕು. ಮಂಜೂರಾತಿಗೆ ಮುನ್ನ ಕಟ್ಟಿದ ತೊಟ್ಟಿಗೆ ಸಹಾಯಧನ ಕೇಳುವುದು ಕಷ್ಟ.

ನೀರು ತುಂಬಿದ ಮೇಲೆ ಸೂಕ್ಷ್ಮಾಣುಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆ ಅವಧಿಯಲ್ಲಿ ಮೀನು ಕೆಲವೇ ಇರಲಿ, ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷೆ ದಿನವೂ ನಡೆಯಲಿ. ಪೂರ್ಣ ಸಂಖ್ಯೆಯ ಮರಿಗೆ ಮುಂಗಡ ಕೊಡುವುದು ಎರಡೂ ಸೊನ್ನೆಗೆ ಇಳಿದ ಮೇಲೆ.