ಕಾರ್ತೇಜಿನ ಕೆಳಮಹಡಿ

ಟುನೀಶಿಯಾದ ರಾಜಧಾನಿ ಟುನೀಸಿನಿಂದ ಕಾರ್ತೇಜಿಗೆ ಹೋಗಲು ಟ್ಯಾಕ್ಸಿ ಬೇಕಿಲ್ಲ. 1872ರಲ್ಲಿ ಶುರುವಾದ ಟಿಜಿಎಂ ಎಂಬ ಪುಟ್ಟ ರೈಲುಮಾರ್ಗವಿದೆ. ಆಳವಿಲ್ಲದ ಸರೋವರವನ್ನು ಏರಿಯ ಮೇಲೆ ದಾಟಿ, ಬಂದರಿನ ಊರನ್ನು ಹಾದು ರೈಲು ಕಡಲಂಚಿಗೆ ಹೊರಳುತ್ತದೆ. ಆಮೇಲೆ ಬರುವ ನಿಲ್ದಾಣಗಳ ಹೆಸರು ಓದುತ್ತಿದ್ದರೆ ಚರಿತ್ರೆಯ ಪಾಠ ತೆರೆದಂತೆಯೇ: ಸಲಾಂಬೋ, ಬಿರ್ಸಾ, ಹ್ಯಾನಿಬಲ್, ಅಮಿಲ್ಕಾರ್. ಶಾಲೆಯ ಮಕ್ಕಳು, ಮೀನಿನ ಚೀಲ ಹಿಡಿದ ಹೆಂಗಸರು ಇಳಿದು ಹತ್ತುವ ಈ ಸಾಲಿನಲ್ಲೇ ಒಂದು ಮಹಾನಗರ ಎರಡು ಸಲ ಬಾಳಿ, ಎರಡು ಸಲ ಅಳಿದಿದೆ.

ಹೆಚ್ಚಿನ ಪ್ರವಾಸಿಗರು ನೇರವಾಗಿ ರೋಮನ್ ಸ್ನಾನಗೃಹಕ್ಕೆ ಹೋಗುತ್ತಾರೆ. ನನ್ನನ್ನು ಕೇಳಿದರೆ ಸಲಾಂಬೋದಲ್ಲಿ ಇಳಿದು ಮೊದಲು ಹಳೆಯ ಬಂದರು ನೋಡಬೇಕು. ಮೊದಲ ನೋಟಕ್ಕೆ ಅಲ್ಲೇನೂ ಇಲ್ಲ. ಸುತ್ತ ಬಿಳಿ ಬಂಗಲೆಗಳು, ನಡುವೆ ಊರ ಕೆರೆಯಂತೆ ನಿಂತ ದುಂಡನೆಯ ನೀರು, ಮಧ್ಯದಲ್ಲಿ ಹುಲ್ಲು ಬೆಳೆದ ನಡುಗಡ್ಡೆ. ಆದರೆ ಒಂದು ಕಾಲಕ್ಕೆ ಪಶ್ಚಿಮ ಮೆಡಿಟರೇನಿಯನ್ನಿನ ಒಡೆತನ ಹೊಂದಿದ್ದ ನೌಕಾಪಡೆಯ ಬಂದರು ಇದೇ. ಇಲ್ಲಿ 220 ಹಡಗುಗಳಿಗೆ ಜಾಗವಿತ್ತು, ಎತ್ತರದ ಗೋಡೆಗಳಿಂದಾಗಿ ವ್ಯಾಪಾರಿಗಳಿಗೂ ಒಳಗಿನದು ಕಾಣುತ್ತಿರಲಿಲ್ಲ ಎಂದು ಇತಿಹಾಸಕಾರ ಅಪ್ಪಿಯನ್ ಬರೆದಿದ್ದಾನೆ. 1970ರ ದಶಕದಲ್ಲಿ ಯುನೆಸ್ಕೊ ಕರೆಯ ಮೇರೆಗೆ ಹಲವು ದೇಶಗಳ ತಂಡಗಳು ಕಾರ್ತೇಜಿನಲ್ಲಿ ಅಗೆದಾಗ, ಹೆನ್ರಿ ಹರ್ಸ್ಟ್ ನೇತೃತ್ವದ ಬ್ರಿಟಿಷ್ ತಂಡಕ್ಕೆ ಈ ನಡುಗಡ್ಡೆಯಲ್ಲಿ ಹಡಗುಗಳನ್ನು ದಡಕ್ಕೆಳೆಯುವ ಇಳಿಜಾರುಗಳ ಗುರುತು ಸಿಕ್ಕಿತು. ಅಪ್ಪಿಯನ್ ಲೆಕ್ಕ ತುಸು ಹೆಚ್ಚಾಯಿತು, ಆದರೂ ನೂರೈವತ್ತಕ್ಕೂ ಮೀರಿ ಹಡಗುಗಳು ಹಿಡಿಯುತ್ತಿದ್ದವು ಎಂಬ ಅಂದಾಜು ಅದರಿಂದ ಬಂತು.

ಇನ್ನೂ ದೊಡ್ಡ ವಿಷಯ ಕಾಲದ್ದು. ಕ್ರಿ.ಪೂ. 202ರಲ್ಲಿ ಜಾಮಾದಲ್ಲಿ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ ರೋಮನ್ನರಿಗೆ ಸೋತ ಮೇಲೆ ಆದ ಒಪ್ಪಂದದಂತೆ ಕಾರ್ತೇಜ್ ಹತ್ತೇ ಯುದ್ಧನೌಕೆ ಇಟ್ಟುಕೊಳ್ಳಬೇಕಿತ್ತು. ಅಗೆತದಲ್ಲಿ ಸಿಕ್ಕ ಮಡಕೆ ಚೂರುಗಳಾದರೋ ಈ ಬಂದರಿನ ಕಟ್ಟೋಣ ಸೋಲಿನ ನಂತರದ ಶತಮಾನದ್ದು ಎನ್ನುತ್ತವೆ. ಸೋತ ಊರು ತಲೆ ತಗ್ಗಿಸಿ ಕೂತಿರಲಿಲ್ಲ. ರೋಮಿಗೆ ನಿದ್ದೆ ಬಾರದಿದ್ದುದು ಯಾಕೆಂದು ಆ ದಡದಲ್ಲಿ ನಿಂತರೆ ಅರ್ಥವಾಗುತ್ತದೆ.

ಅಲ್ಲಿಂದ ಬಿರ್ಸಾ ಗುಡ್ಡಕ್ಕೆ ನಡೆದೇ ಹೋಗಬಹುದು, ಬಿಸಿಲು ಏರುವ ಮೊದಲು ಹತ್ತಿಬಿಡಬೇಕು. ಕ್ರಿ.ಪೂ. 146ರಲ್ಲಿ, ಮೂರು ವರ್ಷದ ಮುತ್ತಿಗೆಯ ಕೊನೆಗೆ, ರೋಮನ್ ಸೇನಾಪತಿ ಸ್ಕಿಪಿಯೋ ಎಮಿಲಿಯಾನಸನ ಸೈನಿಕರು ಬಂದರಿನ ಕಡೆಯಿಂದ ಈ ಗುಡ್ಡದತ್ತ ಮನೆಯಿಂದ ಮನೆಗೆ ಕಾದಾಡುತ್ತ ಏರಿದರು. ಆರು ಹಗಲು, ಆರು ರಾತ್ರಿ. ಮಾಡುಗಳ ನಡುವೆ ಹಲಗೆ ಹಾಸಿ ಮೇಲೂ ಯುದ್ಧ, ಓಣಿಯಲ್ಲೂ ಯುದ್ಧ. ಊರು ಉರಿಯುವಾಗ ಗೆದ್ದ ಸೇನಾಪತಿ, ಮುಂದೊಂದು ದಿನ ರೋಮಿಗೂ ಇದೇ ಗತಿ ಬಂದೀತೆಂದು ಕಣ್ಣೀರಿಟ್ಟನಂತೆ. ಅವನ ಜೊತೆಗಿದ್ದ ಇತಿಹಾಸಕಾರ ಪಾಲಿಬಿಯಸ್ ಕೊಟ್ಟ ವರದಿ ಇದು. ನೆಲಕ್ಕೆ ಉಪ್ಪು ಬಿತ್ತಿದರು ಎಂಬ ಮಾತು ಮಾತ್ರ ಪ್ರಾಚೀನ ಬರಹಗಳಲ್ಲಿ ಎಲ್ಲೂ ಇಲ್ಲ, ಬಹಳ ತಡವಾಗಿ ಹುಟ್ಟಿದ ಕತೆ. ಗೈಡುಗಳು ಇನ್ನೂ ಹೇಳುತ್ತಾರೆ, ನಂಬಬೇಡಿ.

ನೂರು ವರ್ಷ ಕಳೆದ ಮೇಲೆ ರೋಮನ್ನರೇ ಇಲ್ಲಿ ಹೊಸ ನಗರ ಕಟ್ಟಿದರು. ಜೂಲಿಯಸ್ ಸೀಸರ್ ಯೋಜಿಸಿದ, ಆಗಸ್ಟಸ್ ನೆರವೇರಿಸಿದ. ಸಮತಟ್ಟಾದ ಚೌಕ ಬೇಕೆಂದು ಗುಡ್ಡದ ನೆತ್ತಿಯನ್ನೇ ಕತ್ತರಿಸಿ, ಆ ಮಣ್ಣನ್ನು ಇಳಿಜಾರಿಗೆ ತುಂಬಿದರು. ನೆತ್ತಿಯ ಮೇಲಿದ್ದದ್ದೆಲ್ಲ ಹೋಯಿತು. ಇಳಿಜಾರಿನ ಮನೆಗಳು ಮಣ್ಣಿನಡಿ ಸಿಕ್ಕಿ ಉಳಿದುಕೊಂಡವು. ಸೆರ್ಜ್ ಲಾನ್ಸೆಲ್ ಮತ್ತಿತರ ಫ್ರೆಂಚ್ ಪುರಾತತ್ವಜ್ಞರು ಆ ಮಣ್ಣು ಸರಿಸಿದಾಗ ಹೊರಬಂದ ಓಣಿಗಳಿಗೆ ಈಗ ಹ್ಯಾನಿಬಲ್ ಬಡಾವಣೆ ಎನ್ನುತ್ತಾರೆ. ಇಲ್ಲಿ ಕುಕ್ಕರಗಾಲಲ್ಲಿ ಕೂತು ನೆಲ ನೋಡಬೇಕು. ಕೆಂಪು ಗಾರೆ, ಅದರಲ್ಲಿ ಅಕ್ಕಿಕಾಳು ಚೆಲ್ಲಿದ ಹಾಗೆ ಬಿಳಿ ಅಮೃತಶಿಲೆಯ ಚೂರುಗಳು. ಮೂಲೆಯಲ್ಲಿ ನೀರು ಹರಿಯುವ ಕಿಂಡಿ, ಮನೆಯಡಿ ಮಳೆನೀರು ತುಂಬುವ ಉದ್ದನೆಯ ತೊಟ್ಟಿ, ತೊಟ್ಟಿಯ ಒಳಮೈಗೆ ಸೋರದಂತೆ ಬಳಿದ ನುಣುಪು ಗಾರೆ. ಒಂದೊಂದು ಮನೆಗೂ ಸ್ವಂತ ನೀರು. ಆನೆ ಹತ್ತಿಸಿ ಆಲ್ಪ್ಸ್ ದಾಟಿದವನ ಕತೆ ಎಲ್ಲರೂ ಬಲ್ಲರು. ಅವನ ಊರಿನವರು ಬೇಸಿಗೆಗೆಂದು ನೀರು ಕೂಡಿಟ್ಟ ಬಗೆ ನನ್ನ ಮಟ್ಟಿಗೆ ಅದಕ್ಕಿಂತ ಹತ್ತಿರದ್ದು.

ಕಡಲ ಪಕ್ಕದ ಆಂಟೊನೈನ್ ಸ್ನಾನಗೃಹದಲ್ಲೂ ನಾವು ನೋಡುವುದು ಕೆಳಗಿನದನ್ನೇ. ಕ್ರಿ.ಶ. 145ರಿಂದ 162ರ ನಡುವೆ ಕಟ್ಟಿದ್ದು, ಆಫ್ರಿಕಾದ ರೋಮನ್ ಸ್ನಾನಗೃಹಗಳಲ್ಲೆಲ್ಲ ದೊಡ್ಡದು. ಕಡಲು ಅಷ್ಟು ಹತ್ತಿರವಿದ್ದುದರಿಂದ ನೆಲದಡಿ ಅಗೆಯುವಂತಿರಲಿಲ್ಲ. ಹಾಗಾಗಿ ಒಲೆ, ಸೌದೆ, ಉಗ್ರಾಣವೆಲ್ಲ ನೆಲಮಟ್ಟದಲ್ಲಿ, ಮೀಯುವ ಹಜಾರಗಳು ಅದರ ಮೇಲೆ. ನೀರು ಬರುತ್ತಿದ್ದುದು ದಕ್ಷಿಣದ ಜಗುವಾನ್ ಬೆಟ್ಟದ ಬುಗ್ಗೆಗಳಿಂದ, ನೂರು ಕಿಲೋಮೀಟರಿಗೂ ಮೀರಿದ ಕಾಲುವೆಯಲ್ಲಿ. ಮೇಲಿನ ಹಜಾರಗಳ ಪೈಕಿ ಈಗ ಕಣ್ಣಿಗೆ ಬೀಳುವುದು ಮತ್ತೆ ನಿಲ್ಲಿಸಿದ, ಸುಮಾರು 15 ಮೀಟರಿನ ಕಂಬ. ಉಳಿದದ್ದು ಕೆಳಗಿನ ದಪ್ಪ ಗೋಡೆಗಳು, ಕತ್ತಲ ಕೋಣೆಗಳು. ಗಣ್ಯರು ಮಿಂದು ಹರಟಿದ ಅಮೃತಶಿಲೆಯ ಅಂತಸ್ತು ಮಾಯವಾಗಿ, ಗುಲಾಮರು ಬೆಂಕಿಗೆ ಸೌದೆ ನೂಕುತ್ತಿದ್ದ ಅಂತಸ್ತು ನಿಂತಿದೆ. ಪ್ರವೇಶಫಲಕ ಸ್ನಾನದ ವೈಭವವನ್ನು ಹೇಳುತ್ತದೆ. ನಾವು ಓಡಾಡುವುದು ಮಾತ್ರ ಬೆವರಿನವರ ಕೋಣೆಗಳಲ್ಲಿ. (ಪಕ್ಕದಲ್ಲೇ ರಾಷ್ಟ್ರಪತಿ ಭವನ. ಆ ದಿಕ್ಕಿಗೆ ಕ್ಯಾಮೆರಾ ಎತ್ತಬಾರದು.)

ಮೇಲಿನ ಕಲ್ಲುಗಳು ಎಲ್ಲಿ ಹೋದವು? 698ರಲ್ಲಿ ಅರಬರು ಕಾರ್ತೇಜ್ ಗೆದ್ದ ಮೇಲೆ ಊರಿನ ಕೇಂದ್ರ ಟುನೀಸಿಗೆ ಸರಿಯಿತು, ಕಲ್ಲುಗಳೂ ಹಿಂದೆ ಹೋದವು. ಟುನೀಸಿನ ಹಳೆಪೇಟೆಯ ಜೈತೂನಾ ಮಸೀದಿಯಲ್ಲಿ ಕಮಾನು ಹೊತ್ತ ಎಷ್ಟೋ ಕಂಬಗಳು ಇಲ್ಲಿಂದ ಹೊತ್ತೊಯ್ದವು. ಟುನೀಸಿಗೆ ಮರಳಿದ ಮೇಲೆ ಅಲ್ಲಿಗೂ ಹೋಗಿ. ಅದೂ ಕಾರ್ತೇಜಿನ ಭಾಗವೇ.

ಮಧ್ಯಾಹ್ನ ಅದೇ ರೈಲಿನಲ್ಲಿ ಮುಂದಿನ ಊರು, ಸಿದಿ ಬೂ ಸಯೀದ್. ಬಿಳಿ ಗೋಡೆ, ನೀಲಿ ಬಾಗಿಲು, ಬೀದಿಯಲ್ಲಿ ಬಂಬಲೂನಿ ಎಂಬ ಬಿಸಿ ಬಿಸಿ ಕರಿದ ಸಿಹಿತಿಂಡಿ, ಪೈನ್ ಬೀಜ ತೇಲಿಸಿದ ಪುದೀನ ಚಹಾ. ಊರು ಚೆಂದ, ಗದ್ದಲ ಜಾಸ್ತಿ. ಒಂದು ತಾಸು ಸಾಕು.

1979ರಿಂದ ಕಾರ್ತೇಜ್ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಆದರೆ ಇದು ಬೇಲಿ ಹಾಕಿದ ಹಾಳೂರಲ್ಲ. ಜನ ವಾಸವಿರುವ, ಸೈಟಿಗೆ ಚಿನ್ನದ ಬೆಲೆಯಿರುವ ಬಡಾವಣೆ. ಅಧ್ಯಕ್ಷ ಬೆನ್ ಅಲಿ ಆಳ್ವಿಕೆಯಲ್ಲಿ ಸಂರಕ್ಷಿತ ನೆಲದ ತುಂಡುಗಳನ್ನು ಪಟ್ಟಿಯಿಂದ ತೆಗೆದು ಐಷಾರಾಮಿ ಮನೆಗಳಿಗೆ ಕೊಡಲಾಗಿತ್ತು. 2011ರ ಕ್ರಾಂತಿಯ ನಂತರ ಆ ಆದೇಶಗಳು ರದ್ದಾದವು. ಅದೇ ಗೊಂದಲದ ಕಾಲದಲ್ಲಿ ರೋಮನ್ ರಥದೋಟದ ಬಯಲಿನ ಕಡೆ ಅಕ್ರಮ ಮನೆಗಳು ಎದ್ದವು. ಮನೆ ಬೇಕೆನ್ನುವವರ ಸಂಕಟ ನಿಜ, ಬೈದು ಕೂತರೆ ಪರಿಹಾರವಾಗದು. ಆದರೆ ಮಣ್ಣು ಮುಚ್ಚಿದ ರೋಮನ್ನರು ತಮಗೇ ತಿಳಿಯದೆ ಹ್ಯಾನಿಬಲನ ಓಣಿಗಳನ್ನು ಉಳಿಸಿದರು. ಇಂದಿನ ಕಾಂಕ್ರೀಟ್ ಪಾಯ ಹಾಗಲ್ಲ, ಕೆಳಗಿರುವುದನ್ನು ಕೊರೆದೇ ಇಳಿಯುತ್ತದೆ. ಅಗೆಯದ ಕಾರ್ತೇಜ್ ಇನ್ನೂ ಬಹಳಷ್ಟಿದೆ, ಮತ್ತು ಅದು ಇರುವುದು ಈ ಮನೆಗಳ ಕೆಳಗೇ.