ಅಲೆಯುವ ಮನಸ್ಸೂ ದೇವರ ಸನ್ನಿಧಿಯೂ

ಸಿದ್ದಾಪುರದ ಕಡೆಯ ಭತ್ತದ ಗದ್ದೆಗಳಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಿಟ್ಟಾಗ, ರೈತನು ರಾತ್ರಿಯಲ್ಲಿಯೂ ಸಲಿಕೆ ಹಿಡಿದು ಬದುವಿನ ಮೇಲೆ ತಿರುಗುವನು. ಏಡಿ ಕೊರೆದ ಬಿಲದಿಂದ ನೀರು ಸೋರಿತೆಂದು ಗದ್ದೆಯನ್ನೇ ತೊರೆದು ಹೋಗುವನೆ? ಒಂದು ಹೆಂಟೆ ಮಣ್ಣು ಹಾಕಿ ತುಳಿದು ಮುಂದೆ ನಡೆಯುವನು. ಪ್ರಾರ್ಥನೆಗೆ ಕುಳಿತ ನಾವಾದರೋ, ಮನಸ್ಸು ಸಾಲದ ಕಂತಿಗೋ ಒಲೆಯ ಮೇಲಿನ ಹಾಲಿಗೋ ಹರಿದೊಡನೆ, ನಮ್ಮಂಥವರಿಗೆ ಭಕ್ತಿಯು ಸಲ್ಲದೆಂದು ಎದ್ದುಬಿಡುತ್ತೇವೆ.

ಗೆತ್ಸೇಮನೆ ತೋಟದ ರಾತ್ರಿಯನ್ನು ನೆನೆಯೋಣ. ಯೇಸುಸ್ವಾಮಿಯು ಮರಣದಷ್ಟು ದುಃಖದಲ್ಲಿದ್ದು, ಎಚ್ಚರವಾಗಿರಬೇಕೆಂದು ಪೇತ್ರ, ಯಾಕೋಬ, ಯೋಹಾನರನ್ನು ಕೇಳಿಕೊಂಡನು. ಮೂರು ಸಲ ಬಂದು ನೋಡಿದಾಗಲೂ ಅವರು ನಿದ್ರಿಸುತ್ತಿದ್ದರು. ಆತನು ಆಕ್ಷೇಪಿಸಿದ್ದು ನಿಜ. ಆದರೂ ದೇಹದ ಬಲಹೀನತೆಯನ್ನು ತಾನೇ ಎತ್ತಿ ಹೇಳಿದನು, ಕಡೆಗೆ ಅವರನ್ನೇ ಎಬ್ಬಿಸಿ ತನ್ನೊಡನೆ ಕರೆದನು.

ಗಂಟೆಗಳ ಲೆಕ್ಕದಿಂದ ಭಕ್ತಿಯನ್ನು ಅಳೆಯುವವರು ನಮ್ಮಲ್ಲುಂಟು. ಆ ಅಳತೆಯು ನಮಗೆ ಒಪ್ಪಿಗೆಯಿಲ್ಲ. ಅಕ್ಕಿ ಆರಿಸುತ್ತ ಹತ್ತು ಸಲ ಮರೆತು ಹತ್ತು ಸಲ ನೆನೆದ ಗೃಹಿಣಿಯು, ಹತ್ತು ಸಲ ದೇವರ ಬಳಿಗೆ ಬಂದವಳಲ್ಲವೆ?

ಪ್ಯಾರಿಸ್ ನಗರದ ಕಾರ್ಮೆಲ್ ಮಠದಲ್ಲಿ ಅಡುಗೆಯವನಾಗಿದ್ದು 1691ರಲ್ಲಿ ತೀರಿಕೊಂಡ ಸಹೋದರ ಲಾರೆನ್ಸನಿಗೆ ಆ ಕೆಲಸವು ಸ್ವಭಾವತಃ ಬೇಡವಾಗಿತ್ತು. ಮೊದಲ ಹತ್ತು ವರ್ಷ ತಾನು ಬಹಳ ನೊಂದೆನೆಂದು ಆತನೇ ಹೇಳಿಕೊಂಡಿದ್ದಾನೆ. ಮನಸ್ಸು ಜಾರಿದಾಗ ಆತನು ಹಳಹಳಿಸುತ್ತ ಕೂಡಲಿಲ್ಲ. ತಪ್ಪನ್ನು ದೇವರಿಗೆ ಅರಿಕೆಮಾಡಿ, ಕೈಯ ಕೆಲಸವನ್ನು ಬಿಡದೆ, ಪುನಃ ಆತನ ಕಡೆಗೆ ತಿರುಗುತ್ತಿದ್ದನು.