ಪುಸ್ತಕದ ಕಥೆ ಟಿ.ವಿ.ಗೆ ಬಂದಾಗ ನೋಡುಗರು ಸಿಟ್ಟಾಗುವುದೇಕೆ?

ಕಳೆದ ಈದ್ ರಜೆಯಲ್ಲಿ ಹಿರೇಬೆಂಡಿಗೇರಿಯ ನಮ್ಮ ಮನೆಯಲ್ಲಿ ಒಂದು ಸಣ್ಣ ಮನಸ್ತಾಪ ಆಯಿತು. ಅಬ್ಬಾ ತಮ್ಮ ಮೊಬೈಲಿನಲ್ಲಿ ಹಳೆಯ ‘ಚಂದ್ರಕಾಂತಾ’ ಧಾರಾವಾಹಿಯ ಒಂದು ಕಂತು ಹಚ್ಚಿ, ‘ಬಾ, ನೋಡು, ನಾವು ಸಣ್ಣವರಿದ್ದಾಗ ಇದಕ್ಕಾಗಿ ವಾರವಿಡೀ ಕಾಯುತ್ತಿದ್ದೆವು’ ಎಂದು ಕರೆದರು. ರಟ್ಟಿನ ಹಾಗೆ ಕಾಣುವ ಅರಮನೆ, ದೊಡ್ಡ ಹುಬ್ಬಿನ ಖಳನಾಯಕ, ಒಂದು ಮಾತಿಗೆ ಮೂರು ಸಲ ಗುಡುಗು. ನನಗೆ ನಗು ತಡೆಯಲಾಗಲಿಲ್ಲ. ಅಬ್ಬಾ ಏನೂ ಅನ್ನಲಿಲ್ಲ. ಮೊಬೈಲ್ ಆರಿಸಿ ಜೇಬಿಗೆ ಹಾಕಿಕೊಂಡು ಹೊರಗೆ ಹೋದರು. ಮಂಚದ ಮೇಲೆ ಕುಳಿತಿದ್ದ ದಾದಿ ಮಾತ್ರ, ‘ಆಗ ನಾನೂ ಅದನ್ನು ಬೈದಿದ್ದೆ ಬೇಟಾ. ಆದರೆ ಅರಮನೆ ನೋಡಿ ಅಲ್ಲ, ಅಯ್ಯಾರನನ್ನು ನೋಡಿ’ ಎಂದರು.

ಒಂದೇ ಧಾರಾವಾಹಿ, ಒಂದೇ ಮನೆ, ಮೂರು ಅಭಿಪ್ರಾಯ. ಅಬ್ಬಾಗೆ ಅದು ಪ್ರೀತಿ, ನನಗೆ ತಮಾಷೆ, ದಾದಿಗೆ ದೂರು. ಹೀಗೇಕೆ ಎಂದು ಯೋಚಿಸುತ್ತಾ ಹೋದಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪುಸ್ತಕದ ವಿಷಯ. ‘ಚಂದ್ರಕಾಂತಾ’ ಹಿಂದಿ ಕಾದಂಬರಿ. ಬರೆದವರು ದೇವಕಿನಂದನ ಖತ್ರಿ (1861–1913). ಅದು ಪ್ರಕಟವಾದದ್ದು 1888ರಲ್ಲಿ. ಖತ್ರಿಯವರು ಕಾಶಿಯ ಹತ್ತಿರದ ಚಕಿಯಾ ಮತ್ತು ನೌಗಢದ ಕಾಡುಗಳ ಗುತ್ತಿಗೆ ಹಿಡಿದಿದ್ದರು. ಕೆಲಸದ ಮೇಲೆ ಆ ಕಾಡು, ಗುಡ್ಡ, ಪಾಳುಬಿದ್ದ ಕೋಟೆಗಳಲ್ಲಿ ತಿರುಗಾಡಿದ ಅನುಭವವೇ ಕಥೆಯಾಯಿತು. ವಿಜಯಗಢದ ರಾಜಕುಮಾರಿ ಚಂದ್ರಕಾಂತಾ, ನೌಗಢದ ರಾಜಕುಮಾರ ವೀರೇಂದ್ರಸಿಂಹ, ಅವರಿಬ್ಬರ ನಡುವೆ ಬರುವ ಮಂತ್ರಿಯ ಮಗ ಕ್ರೂರಸಿಂಹ, ಚುನಾರಗಢದ ದೊರೆ ಶಿವದತ್ತ: ಇವರು ಮುಖ್ಯ ಪಾತ್ರಗಳು. ಈ ಕಥೆ ಓದುವುದಕ್ಕೆಂದೇ ಎಷ್ಟೋ ಜನ ಹಿಂದಿ ಕಲಿತರು ಎಂದು ಹಿಂದಿ ಸಾಹಿತ್ಯದ ಚರಿತ್ರೆ ಬರೆದವರು ಹೇಳುತ್ತಾರೆ. ಓದುಗರು ಇನ್ನೂ ಬೇಕು ಎಂದದ್ದರಿಂದ ಖತ್ರಿಯವರು 24 ಭಾಗಗಳ ‘ಚಂದ್ರಕಾಂತಾ ಸಂತತಿ’ ಬರೆದರು. ಆಮೇಲೆ ‘ಭೂತನಾಥ’ ಶುರು ಮಾಡಿದರು. ಅದು ಮುಗಿಯುವ ಮೊದಲೇ ತೀರಿಕೊಂಡರು. ಉಳಿದದ್ದನ್ನು ಮಗ ದುರ್ಗಾಪ್ರಸಾದ ಖತ್ರಿ ಬರೆದು ಮುಗಿಸಿದರು.

ಈ ಕಥೆಯಲ್ಲಿ ಎರಡು ಪದ ಮತ್ತೆ ಮತ್ತೆ ಬರುತ್ತವೆ, ಅಯ್ಯಾರ ಮತ್ತು ತಿಲಿಸ್ಮ್. ಅಯ್ಯಾರ ಎಂದರೆ ರಾಜನ ಗೂಢಚಾರ. ಕ್ಷಣದಲ್ಲಿ ವೇಷ ಬದಲಿಸುತ್ತಾನೆ, ಕುದುರೆಯಂತೆ ಓಡುತ್ತಾನೆ, ಚೀಲದಲ್ಲಿ ಪ್ರಜ್ಞೆ ತಪ್ಪಿಸುವ ಪುಡಿಯನ್ನೂ ಪ್ರಜ್ಞೆ ತರಿಸುವ ಔಷಧಿಯನ್ನೂ ಇಟ್ಟುಕೊಂಡಿರುತ್ತಾನೆ. ತಿಲಿಸ್ಮ್ ಎಂದರೆ ಒಳಗೆ ಹೋದವರು ಸುಲಭವಾಗಿ ಹೊರಗೆ ಬರಲಾಗದ ಮಾಯೆಯ ಜಾಗ. ಇವೆರಡೂ ಹಿಂದಿಗೆ ಬಂದದ್ದು ಉರ್ದುವಿನ ದಾಸ್ತಾನ್‌ಗಳಿಂದ. ದಾಸ್ತಾನ್ ಎಂದರೆ ರಾತ್ರಿಗಟ್ಟಲೆ ಕೂತು ಹೇಳುವ ದೀರ್ಘ ಕಥೆ. ಅಮೀರ್ ಹಮ್ಜಾನ ದಾಸ್ತಾನ್ ಅವುಗಳಲ್ಲೆಲ್ಲ ದೊಡ್ಡದು. ಲಖನೌದ ಮುನ್ಷಿ ನವಲ್ ಕಿಶೋರ್ ಅವರ ಮುದ್ರಣಾಲಯ ಅದನ್ನು 46 ಸಂಪುಟಗಳಲ್ಲಿ ತಂದಿತು. ಅದರಲ್ಲಿ ಬಹಳ ಪ್ರಸಿದ್ಧವಾದ ಭಾಗ ‘ತಿಲಿಸ್ಮ್-ಎ-ಹೋಶ್‌ರುಬಾ’. ಅದರ ಅಮರ್ ಅಯ್ಯಾರನ ಹತ್ತಿರ ‘ಜಂಬೀಲ್’ ಎಂಬ ಚೀಲ ಇದೆ. ಅದರಲ್ಲಿ ಏನು ಹಾಕಿದರೂ ಹಿಡಿಯುತ್ತದೆ. ಖತ್ರಿಯವರು ಒಂದು ಬದಲಾವಣೆ ಮಾಡಿದರು. ದಾಸ್ತಾನ್‌ನಲ್ಲಿ ತಿಲಿಸ್ಮ್ ಜಾದೂಗಾರರ ಕೆಲಸ. ಖತ್ರಿಯವರ ಕಾದಂಬರಿಯಲ್ಲಿ ಅದರ ಹಿಂದೆ ಯಂತ್ರ, ಕೀಲಿ, ಸುರಂಗ ಇರುತ್ತವೆ. ಬುದ್ಧಿ ಓಡಿಸಿದವನು ಬಿಡಿಸಬಲ್ಲ.

ಇನ್ನು ಟಿ.ವಿ.ಯ ವಿಷಯ. ನೀರಜಾ ಗುಲೇರಿ ಅವರ ‘ಚಂದ್ರಕಾಂತಾ’ 1994ರಲ್ಲಿ ದೂರದರ್ಶನದಲ್ಲಿ ಶುರುವಾಯಿತು. ಭಾನುವಾರ ಬೆಳಿಗ್ಗೆ ಬರುತ್ತಿತ್ತು. ಶಾಹಬಾಜ್ ಖಾನ್ ವೀರೇಂದ್ರಸಿಂಹ, ಶಿಖಾ ಸ್ವರೂಪ್ ಚಂದ್ರಕಾಂತಾ, ಇರ್ಫಾನ್ ಖಾನ್ ಅಯ್ಯಾರ ಬದ್ರಿನಾಥ. ಎಲ್ಲರಿಗಿಂತ ಹೆಚ್ಚು ಹೆಸರು ಮಾಡಿದವನು ಮಾತ್ರ ಅಖಿಲೇಂದ್ರ ಮಿಶ್ರಾ ಅವರ ಕ್ರೂರಸಿಂಹ. ಅವನು ಮಾತುಮಾತಿಗೆ ಅನ್ನುತ್ತಿದ್ದ ‘ಯಕ್ಕೂ’ ಎಂಬ ಉದ್ಗಾರ ದೇಶದ ಮಕ್ಕಳ ಬಾಯಲ್ಲೆಲ್ಲ ಇತ್ತು. ಪುಸ್ತಕಕ್ಕಿಂತ ಧಾರಾವಾಹಿ ಬಹಳ ದೂರ ಹೋಯಿತು. ಕಥೆ ಉದ್ದವಾಯಿತು, ಹೊಸ ಪಾತ್ರಗಳು ಬಂದವು, ಯಂತ್ರದ ಜಾಗದಲ್ಲಿ ಮಂತ್ರ ಹೆಚ್ಚಾಯಿತು.

ಆಗ ನಮ್ಮ ಓಣಿಯಲ್ಲಿ ಟಿ.ವಿ. ಇದ್ದದ್ದು ಎರಡೇ ಮನೆಯಲ್ಲಿ, ಅದರಲ್ಲಿ ನಮ್ಮದೊಂದು ಎಂದು ಅಬ್ಬಾ ಹೇಳುತ್ತಾರೆ. ಪಕ್ಕದ ಮನೆಗಳ ಕನ್ನಡದವರೂ ಬಂದು ಪಡಸಾಲೆಯಲ್ಲಿ ಕೂರುತ್ತಿದ್ದರು. ಹಿಂದಿ ಪೂರ್ತಿ ತಿಳಿಯದವರು ದಾದಿಯ ಕಡೆ ತಿರುಗಿ ‘ಏನಂದ್ನರೀ ಅಕ್ಕಾರ ಅವಾ?’ ಎಂದು ಕೇಳುತ್ತಿದ್ದರು. ದಾದಿ ಉರ್ದು ಬೆರೆತ ಕನ್ನಡದಲ್ಲಿ ಹೇಳುತ್ತಿದ್ದರು. ಕರೆಂಟು ಹೋದರೆ ಉಳಿದ ಕಥೆಯನ್ನೂ ದಾದಿಯೇ ಊಹಿಸಿ ಹೇಳಿ ಮುಗಿಸುತ್ತಿದ್ದರಂತೆ. ಅಬ್ಬಾಗೆ ಆ ಧಾರಾವಾಹಿ ಎಂದರೆ ತುಂಬಿದ ಆ ಪಡಸಾಲೆ. ನಾನು ನಕ್ಕದ್ದು ರಟ್ಟಿನ ಅರಮನೆಯನ್ನು ನೋಡಿ, ಅವರಿಗೆ ನೋವಾದದ್ದು ಆ ಪಡಸಾಲೆಗಾಗಿ. ಇದು ನನಗೆ ಆಮೇಲೆ ಗೊತ್ತಾಯಿತು.

ದಾದಿಯ ದೂರು ಬೇರೆ. ಅವರ ತವರು ಸವಣೂರು. ಅವರ ತಂದೆ ರಾತ್ರಿ ಕಂದೀಲಿನ ಬೆಳಕಿನಲ್ಲಿ ಹೋಶ್‌ರುಬಾದ ಕಥೆ ಓದಿ ಹೇಳುತ್ತಿದ್ದರು. ‘ಅಯ್ಯಾರ ಕತ್ತಿ ಹಿಡಿದು ಹೊಡೆದಾಡುವವನಲ್ಲ, ಬುದ್ಧಿಯಿಂದ ಗೆಲ್ಲುವವನು. ಟಿ.ವಿ.ಯವರು ಅವನನ್ನು ಬರೀ ಸಿಪಾಯಿ ಮಾಡಿಬಿಟ್ಟರು’ ಎಂಬುದು ಅವರ ಮಾತು. ಅರಮನೆ ಹೇಗಿದೆ ಎಂಬುದು ಅವರಿಗೆ ದೊಡ್ಡದಲ್ಲ. ಯಾವ ಗುಣಕ್ಕಾಗಿ ಆ ಪಾತ್ರವನ್ನು ಮೆಚ್ಚಿದ್ದರೋ ಆ ಗುಣ ಹೋಗಿದ್ದು ಅವರಿಗೆ ಸಹಿಸಲಾಗಲಿಲ್ಲ.

ನಾವು ವಾಣಿಜ್ಯದ ವಿದ್ಯಾರ್ಥಿಗಳು ಪಾಲುದಾರಿಕೆಯ ಅಧ್ಯಾಯದಲ್ಲಿ ಗುಡ್‌ವಿಲ್ ಬಗ್ಗೆ ಓದುತ್ತೇವೆ. ಹೊಸ ಪಾಲುದಾರ ಬಂದಾಗ ಬರೀ ಬಂಡವಾಳ ತಂದರೆ ಸಾಲದು. ಸಂಸ್ಥೆಯ ಒಳ್ಳೆಯ ಹೆಸರನ್ನು ವರ್ಷಗಟ್ಟಲೆ ದುಡಿದು ಗಳಿಸಿದವರು ಹಳೆಯ ಪಾಲುದಾರರು. ಆದ್ದರಿಂದ ಅವರಿಗೆ ಗುಡ್‌ವಿಲ್‌ನ ಪಾಲು ಕೊಡಬೇಕು. ಅದನ್ನು ಹಂಚುವುದು ತ್ಯಾಗದ ಅನುಪಾತದಲ್ಲಿ. ಪುಸ್ತಕದ ವಿಷಯದಲ್ಲೂ ಹೀಗೆಯೇ ಎಂದು ನನಗೆ ಅನಿಸುತ್ತದೆ. ಬರೆದವರು ಮತ್ತು ಓದಿದವರು ಹಳೆಯ ಪಾಲುದಾರರು. ಟಿ.ವಿ.ಯವರು ಹೊಸಬರು. ಪುಸ್ತಕದ ಹೆಸರಿನ ಬಲದಿಂದಲೇ ಅವರಿಗೆ ಮೊದಲ ದಿನವೇ ನೋಡುಗರು ಸಿಗುತ್ತಾರೆ. ಓದುಗ ಮಾಡುವ ತ್ಯಾಗವೂ ಇದೆ. ತನ್ನ ಮನಸ್ಸಿನಲ್ಲಿದ್ದ ಮುಖವನ್ನು ಬಿಟ್ಟುಕೊಟ್ಟು ನಟನ ಮುಖವನ್ನು ಒಪ್ಪಬೇಕು. ಇಷ್ಟು ಕೊಟ್ಟವನು ಲೆಕ್ಕ ಕೇಳುವುದು ಸಹಜ. ಅಬ್ಬಾ ಪುಸ್ತಕ ಓದಿರಲಿಲ್ಲ, ಆದ್ದರಿಂದ ಅವರಿಗೆ ಯಾವ ಬಾಕಿಯೂ ಇರಲಿಲ್ಲ. ದಾದಿಗೆ ಇತ್ತು.

ಹಾಗಾದರೆ ಪುಸ್ತಕದಲ್ಲಿ ಇದ್ದ ಹಾಗೆಯೇ ತೆಗೆದರೆ ಎಲ್ಲ ಸರಿಹೋಗುತ್ತದೆಯೇ? ಇಲ್ಲ ಎನ್ನುವುದಕ್ಕೆ ಹೊರದೇಶದ ಒಂದು ಉದಾಹರಣೆ ಇದೆ. ಅಮೆರಿಕದ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿ ಸರಣಿಯನ್ನು ಆಧರಿಸಿದ ‘ಗೇಮ್ ಆಫ್ ಥ್ರೋನ್ಸ್’ 2011ರಿಂದ 2019ರವರೆಗೆ ಎಚ್‌ಬಿಒ ವಾಹಿನಿಯಲ್ಲಿ ಬಂತು. ಅದು ದೊಡ್ಡವರಿಗೆ ಮಾತ್ರ ಎಂದು ಗುರುತು ಮಾಡಿದ ಧಾರಾವಾಹಿ. ನಾನು ನೋಡಿಲ್ಲ. ಅದನ್ನು ನೋಡಿದ ಹುಬ್ಬಳ್ಳಿಯ ನಮ್ಮ ಮಾಮೂ ಹೇಳಿದ್ದು ಮತ್ತು ಅದರ ಬಗ್ಗೆ ಓದಿದ್ದು ಇಲ್ಲಿದೆ. ಮೊದಲ ಪುಸ್ತಕ ಬಂದದ್ದು 1996ರಲ್ಲಿ, ಐದನೆಯದು 2011ರಲ್ಲಿ. ಆರನೆಯದಕ್ಕೆ ಓದುಗರು ಕಾಯುತ್ತಲೇ ಇದ್ದಾರೆ. ಧಾರಾವಾಹಿ ಕಾಯಲಿಲ್ಲ. ಪುಸ್ತಕ ಮುಗಿದ ಜಾಗದಿಂದ ಮುಂದಕ್ಕೆ ತಾನೇ ಹೋಯಿತು. ಮೊದಲ ಆರು ವರ್ಷದ ಸರಣಿಗಳಲ್ಲಿ ಹತ್ತು ಹತ್ತು ಕಂತು, ಏಳನೆಯದರಲ್ಲಿ ಏಳು, ಕೊನೆಯದರಲ್ಲಿ ಆರು. ಒಟ್ಟು 73.

ಈ ಲೆಕ್ಕದಲ್ಲೇ ನೋಡುಗರ ಸಿಟ್ಟಿನ ಒಂದು ಕಾರಣ ಇದೆ. ಮೊದಲ ಸರಣಿಗಳಲ್ಲಿ ಒಂದು ಊರಿಂದ ಇನ್ನೊಂದಕ್ಕೆ ಹೋಗಲು ಪಾತ್ರಗಳಿಗೆ ಎಷ್ಟೋ ಕಂತು ಬೇಕಾಗುತ್ತಿತ್ತು. ಕೊನೆಗೆ ಅದೇ ದಾರಿ ಒಂದೇ ಕಂತಿನಲ್ಲಿ ಮುಗಿಯತೊಡಗಿತು. ಗುಲಾಮರನ್ನು ಬಿಡಿಸಿದ ಡೇನೆರಿಸ್ ಎಂಬ ರಾಣಿ ಕೊನೆಯ ಹಿಂದಿನ ಕಂತಿನಲ್ಲಿ ಶರಣಾದ ನಗರವನ್ನು ಸುಡುತ್ತಾಳೆ. ಆಕೆಯ ‘ಖಲೀಸಿ’ ಎಂಬ ಬಿರುದನ್ನು ತಮ್ಮ ಮಗಳಿಗೆ ಹೆಸರಾಗಿ ಇಟ್ಟ ತಂದೆತಾಯಿಗಳು ಅಮೆರಿಕ, ಬ್ರಿಟನ್‌ಗಳಲ್ಲಿ ಇದ್ದರು. ಅವರಿಗೆ ಹೇಗಾಗಿರಬೇಡ! ‘ಆಕೆ ಕೆಟ್ಟವಳಾದದ್ದು ಬೇಸರವಲ್ಲ. ಹೇಗೆ ಆದಳು ಅಂತ ತೋರಿಸಲಿಲ್ಲ, ಅದು ಬೇಸರ’ ಎಂದು ಮಾಮೂ ಹೇಳುತ್ತಾರೆ. ಕೊನೆಯ ಸರಣಿಯನ್ನು ಮತ್ತೆ ಮಾಡಿ ಎಂದು ಕೇಳುವ ಮನವಿಗೆ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅದೇ ವರ್ಷ ಅತ್ಯುತ್ತಮ ನಾಟಕ ಧಾರಾವಾಹಿ ಎಂಬ ಎಮ್ಮಿ ಪ್ರಶಸ್ತಿಯೂ ಅದಕ್ಕೇ ಬಂತು. ಅಂದರೆ ಕೆಲಸಗಾರರ ಕೌಶಲ ಕಡಿಮೆಯಾಗಿರಲಿಲ್ಲ. ಕಥೆ ತಾನೇ ಹಾಕಿಕೊಂಡ ನಿಯಮವನ್ನು ತಾನೇ ಮುರಿದದ್ದು ನೋಡುಗರಿಗೆ ಸರಿಬರಲಿಲ್ಲ. ಮಾಯಾಲೋಕದಲ್ಲಿ ಡ್ರ್ಯಾಗನ್ ಹಾರಿದರೆ ಯಾರೂ ಪ್ರಶ್ನಿಸುವುದಿಲ್ಲ. ಆದರೆ ನಿನ್ನೆ ತಿಂಗಳು ಹಿಡಿದ ದಾರಿ ಇವತ್ತು ಒಂದು ದಿನದಲ್ಲಿ ಮುಗಿದರೆ ಎಲ್ಲರೂ ಕೇಳುತ್ತಾರೆ.

ಇನ್ನೊಂದು ಉದಾಹರಣೆ ನಮ್ಮ ಕರ್ನಾಟಕದ್ದೇ. ಅದರಲ್ಲಿ ಮಾಯೆ ಇಲ್ಲ, ಆದರೆ ಊರು ಪೂರ್ತಿ ಕಲ್ಪನೆಯದು. ಮೈಸೂರಿನಲ್ಲಿ ನೆಲೆಸಿದ್ದ ಆರ್. ಕೆ. ನಾರಾಯಣ್ 1935ರ ‘ಸ್ವಾಮಿ ಆ್ಯಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ ಮಾಲ್ಗುಡಿ ಎಂಬ ಊರನ್ನು ಸೃಷ್ಟಿಸಿದರು. ಅವರ ‘ಗೈಡ್’ ಕಾದಂಬರಿ 1965ರಲ್ಲಿ ಹಿಂದಿ ಸಿನಿಮಾ ಆಯಿತು. ಸಿನಿಮಾ ಗೆದ್ದಿತು, ನಾರಾಯಣ್ ಅವರಿಗೆ ಮಾತ್ರ ಹಿಡಿಸಲಿಲ್ಲ. ತಮ್ಮ ಸಣ್ಣ ಊರನ್ನು ರಾಜಸ್ಥಾನದ ಅರಮನೆಗಳ ನಡುವೆ ಒಯ್ದಿಟ್ಟರು ಎಂದು ಅವರು ಲೇಖನವನ್ನೇ ಬರೆದರು. ಎರಡು ದಶಕಗಳ ನಂತರ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ಮಾಡಿದರು. ಚಿತ್ರೀಕರಣ ನಡೆದದ್ದು ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ. ಪುಸ್ತಕದ ಮಾಲ್ಗುಡಿ ಇಷ್ಟು ಮಳೆ ಸುರಿಯುವ ಮಲೆನಾಡಿನ ಊರಲ್ಲ. ಆದರೂ ನಾರಾಯಣ್ ಒಪ್ಪಿದರು, ದೇಶವೂ ಒಪ್ಪಿತು. ಇವತ್ತಿಗೂ ಜನ ಆಗುಂಬೆಯ ದೊಡ್ಡಮನೆಗೆ ಹೋಗಿ ಸ್ವಾಮಿಯ ಮನೆ ಎಂದು ನೋಡಿ ಬರುತ್ತಾರೆ. ಚಿತ್ರೀಕರಣ ನಡೆದ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡವನ್ನು ರೈಲ್ವೆಯವರು 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯ ಮಾಡಿದ್ದಾರೆ.

ಎರಡೂ ಸಲ ಊರು ಬದಲಾಯಿತು. ಒಂದು ಸಲ ಲೇಖಕರು ನೊಂದರು, ಇನ್ನೊಂದು ಸಲ ಮೆಚ್ಚಿದರು. ಸಣ್ಣ ಊರಿನ ಸಣ್ಣ ಮನುಷ್ಯರು, ಅವರ ನಿಧಾನದ ಬದುಕು, ಒಂದು ಹುಡುಗನ ಪರೀಕ್ಷೆಯ ಭಯ: ಇವು ಆಗುಂಬೆಯಲ್ಲಿ ಉಳಿದವು, ಅರಮನೆಗಳ ನಡುವೆ ಉಳಿಯಲಿಲ್ಲ. ಆದ್ದರಿಂದ ನನಗೆ ತಿಳಿದದ್ದು ಇಷ್ಟು. ನೋಡುಗರು ಬದಲಾವಣೆಗೆ ಸಿಟ್ಟಾಗುವುದಿಲ್ಲ. ತಾವು ಯಾವುದಕ್ಕಾಗಿ ಆ ಕಥೆಯನ್ನು ಪ್ರೀತಿಸಿದ್ದರೋ ಅದೇ ಕಾಣೆಯಾದಾಗ ಸಿಟ್ಟಾಗುತ್ತಾರೆ.

ಸಿಟ್ಟಿಗೂ ಒಂದು ಮಿತಿ ಬೇಕು. ‘ಗೇಮ್ ಆಫ್ ಥ್ರೋನ್ಸ್’ನ ಕೊನೆಯ ಸರಣಿಯ ಒಂದು ಯುದ್ಧದ ಕಂತಿಗಾಗಿ 55 ರಾತ್ರಿ ಚಿತ್ರೀಕರಣ ನಡೆದಿತ್ತು. ಅದನ್ನು ನೋಡಿದ ಎಷ್ಟೋ ಜನ, ಕತ್ತಲೆಯಲ್ಲಿ ಏನೂ ಕಾಣಲಿಲ್ಲ ಎಂದರು. ಆ ದೂರು ನಿಜವೇ. ಆದರೆ ಎಲ್ಲವನ್ನೂ ಮತ್ತೆ ಮಾಡಿ ಎಂಬ ಮನವಿ ಬಂದಾಗ, ದುಡಿದವರಿಗೆ ಇದು ಅಗೌರವ ಎಂದು ನಟಿ ಸೋಫಿ ಟರ್ನರ್ ಹೇಳಿದರು. ಅದೂ ನಿಜವೇ. ಕೆಲಸವನ್ನು ಟೀಕಿಸಬಹುದು. ಅದನ್ನು ಮಾಡಿದವರನ್ನಾಗಲಿ, ಮೆಚ್ಚಿದವರನ್ನಾಗಲಿ ನೋಯಿಸಬಾರದು. ಇದನ್ನು ನಾನು ಅಬ್ಬಾನ ಎದುರು ನಕ್ಕಾಗಲೇ ತಿಳಿಯಬೇಕಿತ್ತು.

ಮರುದಿನ ಅಬ್ಬಾನ ಪಕ್ಕ ಕೂತು ಆ ಕಂತನ್ನು ಪೂರ್ತಿ ನೋಡಿದೆ. ಕ್ರೂರಸಿಂಹ ಬಂದಾಗ ಇಬ್ಬರೂ ನಕ್ಕೆವು. ಆ ಸಂಜೆ ದಾದಿ ತಮ್ಮ ಟ್ರಂಕಿನಿಂದ ಮುಖಪುಟ ಹರಿದ ಒಂದು ಉರ್ದು ಪುಸ್ತಕ ತೆಗೆದರು. ಅದು ಮಕ್ಕಳಿಗಾಗಿ ಚಿಕ್ಕದಾಗಿ ಬರೆದ ಹೋಶ್‌ರುಬಾ. ದಾದಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ನಾನು ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ. ಮನೆಯಲ್ಲಿ ಉರ್ದು ಮಾತಾಡುತ್ತೇನೆ, ಕುರ್‌ಆನ್ ಓದಲು ಕಲಿತದ್ದರಿಂದ ಅಕ್ಷರ ಗೊತ್ತು, ಆದರೆ ಉರ್ದು ಓದುವಾಗ ಸಾಲುಸಾಲಿಗೂ ತಡವರಿಸುತ್ತೇನೆ. ಮನೆಯಲ್ಲೇ ಇದ್ದ ಕಥೆ ಇಷ್ಟು ವರ್ಷ ಓದುವವರಿಲ್ಲದೆ ಟ್ರಂಕಿನಲ್ಲಿತ್ತು. ಈಗ ದಿನಕ್ಕೆ ಒಂದು ಪುಟ ಓದುತ್ತೇನೆ. ತಪ್ಪಿದಲ್ಲಿ ದಾದಿ ತಿದ್ದುತ್ತಾರೆ. ಅಮರ್ ಅಯ್ಯಾರ ಯಾರನ್ನಾದರೂ ಮೋಸಗೊಳಿಸುವ ಜಾಗ ಬಂದರೆ ನಾನು ಓದುವ ಮೊದಲೇ ಅವರು ನಗಲು ಶುರು ಮಾಡುತ್ತಾರೆ.

ನಿಮ್ಮ ಮನೆಯಲ್ಲೂ ಇಂಥ ಒಂದು ಪುಸ್ತಕ ಇರಬಹುದು. ಟಿ.ವಿ.ಯಲ್ಲಿ ಬರುವ ಮೊದಲು ಒಮ್ಮೆ ಓದಿ ನೋಡಿ. ಆಮೇಲೆ ಸಿಟ್ಟಾಗುವುದಕ್ಕೆ ನಿಮಗೂ ಹಕ್ಕು ಬರುತ್ತದೆ.